ಪುಲಕೇಶಿಯ ಆನೆಯೂ ನಮ್ಮ ಟೇಸ್ಟಿಂಗ್ ಗ್ಲಾಸೂ

ಯುದ್ಧಕ್ಕೆ ಹೊರಡುವ ಮೊದಲು ಆನೆಗಳಿಗೂ ಕುಡಿಸುತ್ತಿದ್ದ ನಾಡು ನಮ್ಮದು. ತಮಾಷೆಯಲ್ಲ. ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ 641ರ ಆಸುಪಾಸಿನಲ್ಲಿ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದಿದ್ದ. ಅವನು ಬರೆದಿಟ್ಟ ಪ್ರಕಾರ ರಾಜನ ಬಳಿ ಕೆಲವು ನೂರು ಮಂದಿ ಕಟ್ಟಾಳುಗಳಿದ್ದರು. ಕಾಳಗದ ಮುಂಚೆ ಅವರು ಮತ್ತೇರುವ ತನಕ ಕುಡಿಯುತ್ತಿದ್ದರು. ಆಮೇಲೆ ಒಬ್ಬೊಬ್ಬನೂ ಈಟಿ ಹಿಡಿದು ಹತ್ತು ಸಾವಿರ ಜನರನ್ನು ಬೇಕಾದರೂ ಎದುರಿಸಲು ತಯಾರು! ನೂರಾರು ಆನೆಗಳಿಗೂ ಕುಡಿಸಿ, ಅವು ಹುಚ್ಚೆದ್ದು ನುಗ್ಗುವಂತೆ ಮಾಡುತ್ತಿದ್ದರಂತೆ. ಇಂಥ ಆಳು, ಇಂಥ ಆನೆ ಇದ್ದುದರಿಂದಲೇ ಈ ರಾಜ ಅಕ್ಕಪಕ್ಕದ ರಾಜರನ್ನು ಲೆಕ್ಕಕ್ಕೇ ಇಡುತ್ತಿರಲಿಲ್ಲ ಅಂತಲೂ ಬರೆದಿದ್ದಾನೆ.

642ರಲ್ಲಿ ಪಲ್ಲವರ ನರಸಿಂಹವರ್ಮ ಬಾದಾಮಿಯನ್ನು ಹಿಡಿದ. ಅವನು ಬರೆಸಿದ ಶಾಸನ ಇವತ್ತಿಗೂ ಅಲ್ಲಿನ ಬಂಡೆಯ ಮೇಲಿದೆ. ಸೋಲಿಗೆ ಕುಡಿತವೇ ಕಾರಣ ಅಂತ ನಾನು ಹೇಳುತ್ತಿಲ್ಲ, ಇತಿಹಾಸ ಅಷ್ಟು ಸಲೀಸಲ್ಲ. ಆದರೆ ವೈನ್ ಉತ್ಸವಕ್ಕೆ ಹೋದಾಗಲೆಲ್ಲ, ಸಂಜೆ ಏಳು ದಾಟುತ್ತಿದ್ದಂತೆ, ಡಿಜೆ ಜೋರಾಗುತ್ತಿದ್ದಂತೆ, ನನಗೆ ಆ ಆನೆಗಳ ನೆನಪಾಗುವುದು ಖರೆ.

ರಾಜ್ಯದ ವೈನ್ ಬೋರ್ಡ್ ನಡೆಸುವ ದ್ರಾಕ್ಷಾರಸ ಉತ್ಸವಗಳು ಈಗ ನಮಗೆಲ್ಲ ಪರಿಚಿತ. ಸಾಲಾಗಿ ಸ್ಟಾಲು, ಪುಟ್ಟ ಗ್ಲಾಸಿನಲ್ಲಿ ರುಚಿ ನೋಡಲು ಒಂದು ಗುಟುಕು, ಬಾಟಲಿ ಮೇಲೆ ರಿಯಾಯಿತಿ, ಮೂಲೆಯಲ್ಲಿ ಸೆಲ್ಫಿ ತೆಗೆಯೋಕೆ ಒಂದು ಮರದ ಪೀಪಾಯಿ. ವೀಕೆಂಡಿನಲ್ಲಿ ಆಫೀಸಿನ ಗುಂಪು ಕಟ್ಟಿಕೊಂಡು ಹೋಗಿ, ಕೊಟ್ಟದ್ದೆಲ್ಲ ಕುಡಿದು, ಯಾವುದೂ ನೆನಪಿಲ್ಲದೆ ವಾಪಸ್ ಬರುವವರೇ ಹೆಚ್ಚು. ಕೊಟ್ಟ ದುಡ್ಡಿಗೆ ಅದರಲ್ಲಿ ಸಿಗಬೇಕಾದ್ದು ಬಹಳ ಇದೆ, ಅದನ್ನು ಹೇಗೆ ಪಡೆಯಬೇಕು ಅನ್ನೋದನ್ನ ಹೇಳುವ ಗೈಡುಗಳೂ ಬೇಕಾದಷ್ಟಿವೆ. ಆದರೆ ಅವೆಲ್ಲ ಫ್ರಾನ್ಸಿನಿಂದ ಶುರುವಾಗುತ್ತವೆ. ನಾನು ಬಾಗಲಕೋಟೆ ಜಿಲ್ಲೆಯಿಂದ ಶುರು ಮಾಡ್ತೀನಿ. ಬಾದಾಮಿ, ಹುನಗುಂದ, ಬಾಗಲಕೋಟೆ, ಇಳಕಲ್. ಈ ನಾಲ್ಕು ಊರು ಸುತ್ತಿದರೆ ಗ್ಲಾಸಿನ ಒಳಗೂ ಹೊರಗೂ ಏನಿದೆ ಅಂತ ತಿಳಿಯುತ್ತದೆ.

ಮೊದಲು ಬಾದಾಮಿ. ಹ್ಯೂಯೆನ್ ತ್ಸಾಂಗ್ ಒಟ್ಟು ಭಾರತದ ಬಗ್ಗೆ ಬರೆಯುವಾಗ ಇನ್ನೊಂದು ಮಾತು ಹೇಳುತ್ತಾನೆ. ಅದು ಆನೆಗಳಷ್ಟು ಪ್ರಸಿದ್ಧವಲ್ಲ, ಆದರೆ ನನಗೆ ಅದೇ ಮುಖ್ಯ. ಇಲ್ಲಿ ಯಾರು ಏನು ಕುಡಿಯಬೇಕು ಅನ್ನೋದು ಹುಟ್ಟಿನಿಂದಲೇ ತೀರ್ಮಾನ. ದ್ರಾಕ್ಷಿ ಮತ್ತು ಕಬ್ಬಿನ ಮದ್ಯ ಕ್ಷತ್ರಿಯರಿಗೆ. ಹುದುಗಿಸಿದ ಖಡಕ್ ಪೇಯ ವೈಶ್ಯರಿಗೆ. ಶ್ರಮಣರಿಗೂ ಬ್ರಾಹ್ಮಣರಿಗೂ ಅದೇ ದ್ರಾಕ್ಷಿ, ಅದೇ ಕಬ್ಬು, ಆದರೆ ಹುದುಗಿಸದ ಪಾನಕ. ಅಂದರೆ ಸಾವಿರದ ಮುನ್ನೂರು ವರ್ಷಕ್ಕೂ ಹಿಂದೆಯೇ ನಮ್ಮಲ್ಲಿ ಒಬ್ಬನ ಕೈಯಲ್ಲಿರುವ ಬಟ್ಟಲು ನೋಡಿ ಅವನು ಯಾರು ಅಂತ ಹೇಳಬಹುದಿತ್ತು. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕುಡಿತಕ್ಕೆ ಕ್ರಮ ಅನ್ನೋದು ಕೂಡ ನಮಗೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷ ಅಂತ ಒಬ್ಬ ಅಧಿಕಾರಿ ಇದ್ದಾನೆ, ಇವತ್ತಿನ ಅಬಕಾರಿ ಆಯುಕ್ತರ ಹಾಗೆ. ಅವನು ಕಟ್ಟಿಸಬೇಕಾದ ಪಾನಗೃಹ ಹೇಗಿರಬೇಕು? ಬೇರೆ ಬೇರೆ ಕೋಣೆ, ಕೂರಲು ಆಸನ, ಹೂವು, ಸುಗಂಧ, ಋತುವಿಗೆ ತಕ್ಕ ಅನುಕೂಲ, ಮತ್ತು ನೀರು. ಕಲ್ಯಾಣ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ 1130ರ ಸುಮಾರಿಗೆ ಬರೆದ ಮಾನಸೋಲ್ಲಾಸದಲ್ಲಿ ರಾಜನ ಇಪ್ಪತ್ತು ಕ್ರೀಡೆಗಳ ಪಟ್ಟಿಯಿದೆ. ಅದರಲ್ಲಿ ಚದುರಂಗವೂ ಇದೆ, ಉಯ್ಯಾಲೆಯೂ ಇದೆ, ಬೆಳದಿಂಗಳ ವಿಹಾರವೂ ಇದೆ, ಅವುಗಳ ಸಾಲಿನಲ್ಲೇ ಮದಿರಾಪಾನವೂ ಇದೆ. ಪುಲಕೇಶಿಯ ಕಟ್ಟಾಳುಗಳಿಗೆ ಅದು ಯುದ್ಧದ ತಯಾರಿ. ಸೋಮೇಶ್ವರನಿಗೆ ಅದು ಆಟ, ಆಟ ಅಂದಮೇಲೆ ನಿಯಮ ಇದ್ದೇ ಇರುತ್ತದೆ. ಉತ್ಸವಕ್ಕೆ ಹೋಗುವವರು ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು.

ಆಟ ಅಂತ ಆರಿಸಿಕೊಂಡವರಿಗೆ ನಿಯಮಗಳು ಸರಳ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಜನ ಸೇರುವ ಮುನ್ನ, ಮಧ್ಯಾಹ್ನವೇ ಹೋಗಿ, ಸ್ಟಾಲಿನವರಿಗೆ ಮಾತಾಡಲು ಪುರಸೊತ್ತು ಇರುವುದು ಆಗಲೇ. ಬಿಳಿ ವೈನಿನಿಂದ ಶುರು ಮಾಡಿ ರೋಸೆ, ಆಮೇಲೆ ಕೆಂಪು, ಸಿಹಿಯಾದದ್ದು ಕಟ್ಟಕಡೆಗೆ. ಮೊದಲೇ ಸಿಹಿ ಕುಡಿದರೆ ಆಮೇಲಿನದ್ದೆಲ್ಲ ಹುಳಿ ಅನ್ನಿಸುತ್ತದೆ, ಜಾಮೂನು ತಿಂದು ಚಹಾ ಕುಡಿದ ಹಾಗೆ. ಒಂದು ಗುಟುಕಿಗೆ ಒಂದು ಲೋಟ ನೀರು. ಗುಟುಕನ್ನು ಬಾಯಲ್ಲಿ ತಿರುಗಿಸಿ ಉಗುಳುವುದಕ್ಕೆ ನಾಚಿಕೆ ಬೇಡ. ಅದಕ್ಕೆಂದೇ ಪಾತ್ರೆ ಇಟ್ಟಿರುತ್ತಾರೆ, ಇಟ್ಟಿಲ್ಲದಿದ್ದರೆ ಕೇಳಿ. ಎಲೆ ಅಡಿಕೆ ಹಾಕಿ ಉಗುಳಿದವರ ಮೊಮ್ಮಕ್ಕಳು ನಾವು, ಇದಕ್ಕೆ ಯಾಕೆ ಸಂಕೋಚ? ನಮ್ಮ ಬಿಸಿಲಿಗೆ ಪೆಂಡಾಲಿನೊಳಗೆ ಕೆಂಪು ವೈನ್ ಬೆಚ್ಚಗಾಗಿ ಬರೀ ಘಾಟು ಹೊಡೆಯುತ್ತದೆ. ಸ್ವಲ್ಪ ತಣ್ಣಗಿನ ಬಾಟಲಿಯಿಂದ ಹಾಕಿ ಅಂತ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ರುಚಿಯನ್ನು ನೆನಪಿಟ್ಟುಕೊಳ್ಳುವುದಕ್ಕೆ ಒಂದು ಉಪಾಯ. ಲೇಬಲ್ಲಿನ ಫೋಟೋ ತೆಗೆದುಕೊಳ್ಳಿ, ಅದರ ಕೆಳಗೆ ಮೂರು ಶಬ್ದ ಬರೆಯಿರಿ. ಸ್ಟಾಲಿನವರು ಬ್ಲ್ಯಾಕ್‌ಬೆರಿ, ಗೂಸ್‌ಬೆರಿ ಅಂತ ಹೇಳುತ್ತಾರೆ. ನಾವು ತಿಂದೇ ಇಲ್ಲದ ಹಣ್ಣುಗಳು ಅವು. ನಮಗೆ ನೇರಳೆ ಗೊತ್ತು, ಬಾರಿಹಣ್ಣು ಗೊತ್ತು, ಕವಳಿಹಣ್ಣು ಗೊತ್ತು, ಹುಣಸೆ, ಬೆಲ್ಲ, ಹಸಿ ಶೇಂಗಾ ಗೊತ್ತು. 'ನೇರಳೆ, ಒಗರು, ಕೊನೆಗೆ ಮೆಣಸು' ಅಂತ ಬರೆದರೆ ಆರು ತಿಂಗಳ ಮೇಲೂ ಆ ವೈನ್ ನೆನಪಿರುತ್ತದೆ.

ಇನ್ನು ಹುನಗುಂದ. ಈ ತಾಲ್ಲೂಕಿನಲ್ಲೇ ಕೃಷ್ಣೆ ಮಲಪ್ರಭೆ ಸೇರುವ ಕೂಡಲಸಂಗಮ ಇರುವುದು. ಬಸವಣ್ಣನವರ ಊರಿನ ಸುದ್ದಿಯಲ್ಲಿ ಮದ್ಯಕ್ಕೇನು ಕೆಲಸ ಅಂತ ಕೇಳಬಹುದು. ಅವರ ಕಾಲದ ಶರಣರಲ್ಲಿ ಹೆಂಡದ ಮಾರಯ್ಯ ಅಂತ ಒಬ್ಬನಿದ್ದ. ಹೆಂಡ ಮಾರುವುದು ಅವನ ಕಾಯಕ, ಧರ್ಮೇಶ್ವರಲಿಂಗ ಅವನ ವಚನಗಳ ಅಂಕಿತ. ತನ್ನ ಅಂಗಡಿಯ ಮಾತನ್ನೇ ಅನುಭಾವದ ಮಾತು ಮಾಡಿಕೊಂಡವನು. ಶರಣರು ಕುಡಿತವನ್ನು ಹೊಗಳಲಿಲ್ಲ, ಅದನ್ನು ತಿರುಚಿ ಹೇಳಬಾರದು. ಆದರೆ ಹೆಂಡ ಮಾರುವವನನ್ನು ಅವರು ಹೊರಗೂ ಇಡಲಿಲ್ಲ. ಬಟ್ಟಲು ನೋಡಿ ಮನುಷ್ಯನನ್ನು ಅಳೆಯುವ ಹಳೇ ಲೆಕ್ಕವನ್ನು ಈ ಒಂದು ಹೆಸರು ಅಲ್ಲಾಡಿಸಿಬಿಡುತ್ತದೆ. ವಚನ ಸಂಪುಟದಲ್ಲಿ ಅವನ ಮಾತುಗಳು ಮಂತ್ರಿ ಬಸವಣ್ಣನ ಮಾತುಗಳ ಜೊತೆಯಲ್ಲೇ ಇವೆ.

ಉತ್ಸವದಲ್ಲಿ ಇದನ್ನು ಹೇಗೆ ಉಪಯೋಗಿಸೋದು ಅಂತೀರಾ? ಸ್ಟಾಲಿನ ಹಿಂದೆ ನಿಂತವರನ್ನು ಬರೀ ಸುರಿದು ಕೊಡುವವರು ಅಂದುಕೊಳ್ಳಬೇಡಿ. ಕೆಲವು ಸ್ಟಾಲಿನಲ್ಲಿ ವೈನ್ ತಯಾರಿಸಿದವರೇ ನಿಂತಿರುತ್ತಾರೆ, ಕೆಲವು ಕಡೆ ತೋಟದ ಮನೆಯವರೇ ಇರುತ್ತಾರೆ. 'ಏನ್ರೀ, ಈ ಸಲ ಮಳಿ ಹೆಂಗಿತ್ತು?' ಅಂತ ಕೇಳಿ ನೋಡಿ. ಅವರ ಮುಖವೇ ಬದಲಾಗುತ್ತದೆ. ನಮ್ಮ ಉತ್ತರದ ಜಿಲ್ಲೆಗಳಲ್ಲಿ ದ್ರಾಕ್ಷಿ ಬಳ್ಳಿಗೆ ವರ್ಷಕ್ಕೆ ಎರಡು ಸಲ ಚಾಟನಿ, ಅಂದರೆ ಸವರುವುದು: ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ. ಗೊನೆ ಕೊಯ್ಯುವುದು ಫೆಬ್ರುವರಿ, ಮಾರ್ಚ್‌ನಲ್ಲಿ. ಯುರೋಪಿನಲ್ಲಿ ಚಳಿಗಾಲಕ್ಕೆ ಬಳ್ಳಿ ನಿದ್ದೆ ಹೋಗುತ್ತದೆ, ನಮ್ಮ ಬಿಸಿಲಿನಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಅಕ್ಟೋಬರ್ ಚಾಟನಿಯ ಹಿಂದೆಯೇ ಅಕಾಲ ಮಳೆ ಬಂದರೆ ರೋಗ, ಔಷಧಿ ಖರ್ಚು, ಸಾಲ. ಆ ಗುಟುಕಿನಲ್ಲಿ ಒಂದು ವರ್ಷದ ಮಳೆಯ ಲೆಕ್ಕವಿದೆ, ಅದನ್ನು ಹೇಳಬಲ್ಲವರು ನಿಮ್ಮ ಎದುರಿಗೇ ಇದ್ದಾರೆ.

ಈಗ ಬಾಗಲಕೋಟೆ. ನಮ್ಮ ಕಡೆ 'ಅವ ಕುಡೀತಾನ' ಅಂದರೆ ಮುಂದೆ ಏನೂ ಹೇಳಬೇಕಾಗಿಲ್ಲ. ಹುಡುಗಿ ಕೊಡುವ ಮಾತು ಅಲ್ಲಿಗೇ ನಿಲ್ಲುತ್ತದೆ. ಏನು ಕುಡೀತಾನೆ, ಎಷ್ಟು ಕುಡೀತಾನೆ ಅಂತ ಯಾರೂ ಕೇಳುವುದಿಲ್ಲ. ಇದರ ಹಿಂದೆ ಬಸವ ತತ್ವವೂ ಇದೆ, ಮನೆ ಮುರಿದ ಅನುಭವವೂ ಇದೆ, ಸರ್ಕಾರದ ಕಾಯ್ದೆಯ ನೆರಳೂ ಇದೆ. 1956ರ ನವೆಂಬರ್ 1ರವರೆಗೆ ಈ ನಾಲ್ಕೂ ಊರು ಬಾಂಬೆ ರಾಜ್ಯದ ಬಿಜಾಪುರ ಜಿಲ್ಲೆಯಲ್ಲಿದ್ದವು. (ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ.) 1949ರ ಬಾಂಬೆ ಪಾನನಿಷೇಧ ಕಾಯ್ದೆಯ ಪ್ರಕಾರ ಕುಡಿಯಬೇಕಾದರೆ ಪರ್ಮಿಟ್ ಬೇಕಿತ್ತು. ಅದು ಸಿಗುತ್ತಿದ್ದದ್ದು ಆರೋಗ್ಯದ ಕಾರಣ ಹೇಳಿ ಡಾಕ್ಟರ ಚೀಟಿ ತರಬಲ್ಲವರಿಗೆ. ಉಳಿದವರಿಗೆ ಕಳ್ಳಭಟ್ಟಿ, ಪೊಲೀಸರ ಲಾಠಿ. ಮತ್ತೆ ಅದೇ ಹಳೇ ಕಥೆ ನೋಡಿ: ಯಾರ ಕೈಗೆ ಯಾವ ಬಟ್ಟಲು.

ಆ ಕಥೆಯ ಇತ್ತೀಚಿನ ಅಧ್ಯಾಯದ ವರ್ಷ 2007. ಆ ವರ್ಷದ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಬಂದ್ ಆಯಿತು. ಕೂಲಿಯವರು ಪ್ಯಾಕೆಟ್ಟಿನಲ್ಲಿ ಕುಡಿಯುತ್ತಿದ್ದ ಅಗ್ಗದ ಸಾರಾಯಿ. ಅದೇ 2007ರಲ್ಲೇ ರಾಜ್ಯಕ್ಕೆ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂತು. ಮಹಾರಾಷ್ಟ್ರ 2001ರಲ್ಲಿ ಮಾಡಿದ್ದನ್ನು ನೋಡಿ ಮಾಡಿದ್ದು. ವೈನ್ ಘಟಕಗಳಿಗೆ ರಿಯಾಯಿತಿ, ಪ್ರಚಾರಕ್ಕೆ ಮಂಡಳಿ, ಉತ್ಸವ. ಎರಡಕ್ಕೂ ಕಾರಣ ಇತ್ತು, ಎರಡನ್ನೂ ಸಮರ್ಥಿಸಬಹುದು. ಸಾರಾಯಿ ಎಷ್ಟೋ ಸಂಸಾರ ಹಾಳು ಮಾಡಿತ್ತು. ದ್ರಾಕ್ಷಿ ಬೆಳೆಗಾರನಿಗೆ ಇನ್ನೊಂದು ಮಾರುಕಟ್ಟೆ ಬೇಕಿತ್ತು. ಆದರೂ ಒಂದೇ ವರ್ಷ ಒಂದು ಬಾಗಿಲು ಮುಚ್ಚಿ ಇನ್ನೊಂದು ತೆರೆದದ್ದನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಹ್ಯೂಯೆನ್ ತ್ಸಾಂಗ್‌ನ ಪಟ್ಟಿ ನೆನಪಾಗದೆ ಇರುತ್ತದೆಯೇ? ಕ್ಷತ್ರಿಯರ ಜಾಗದಲ್ಲಿ ಈಗ ನಾವು ನಿಂತಿದ್ದೇವೆ, ಕೊರಳಲ್ಲಿ ಆಫೀಸಿನ ಐಡಿ ಕಾರ್ಡು ಹಾಕಿಕೊಂಡು.

ಸಾರಾಯಿ ಹೋದ ಮೇಲೆ ಕುಡಿತ ಹೋಗಲಿಲ್ಲ, ಅದು ಅಗ್ಗದ ವಿಸ್ಕಿ, ರಮ್ಮಿನ ಸಣ್ಣ ಪ್ಯಾಕೆಟ್ಟಿಗೆ ಹೋಯಿತು. ಕಿರಾಣಿ ಅಂಗಡಿಯಲ್ಲೂ ಕದ್ದುಮುಚ್ಚಿ ಮಾರುವ ಹಳ್ಳಿಗಳಿವೆ. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯನಿಷೇಧ ಮಾಡಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಬಂದರು. ಸುಮಾರು 200 ಕಿಲೋಮೀಟರ್. ನಮ್ಮಲ್ಲಿ ಬಹಳ ಜನ ಅದನ್ನು ಟ್ರಾಫಿಕ್ ಜಾಮಿನ ಸುದ್ದಿಯಾಗಿ ನೋಡಿರಬಹುದು. ವೈನ್ ಬೇರೆ, ಅದು ಬೇರೆ ಅನ್ನುವ ಉತ್ತರ ನಮ್ಮ ಬಾಯಲ್ಲಿ ರೆಡಿ ಇರುತ್ತದೆ. ಅಳತೆಯಲ್ಲಿ ವ್ಯತ್ಯಾಸ ಇದೆ, ನಿಜ. ವೈನಿನಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇ 12ರಿಂದ 14, ನಮ್ಮ ವಿಸ್ಕಿಯಲ್ಲಿ ಶೇ 42.8. ಆದರೆ ಪದಾರ್ಥ ಒಂದೇ. ಸ್ಟಾಲಿನಲ್ಲಿ ಯಾರಾದರೂ 'ಹಾರ್ಟಿಗೆ ಒಳ್ಳೇದು ಸಾರ್' ಅಂದರೆ ನಕ್ಕು ಮುಂದೆ ಹೋಗಿ. ಆರೋಗ್ಯದ ದೃಷ್ಟಿಯಿಂದ ಸುರಕ್ಷಿತ ಅನ್ನಬಹುದಾದ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಔಷಧಿ ಅಂತ ಕುಡಿಯುವುದು ಬಾಂಬೆ ಪರ್ಮಿಟ್ಟಿನ ಕಾಲದ ಸುಳ್ಳು, ನಾವು ಅದನ್ನು ಮುಂದುವರಿಸಬೇಕಾಗಿಲ್ಲ. ಕುಡಿಯದ ಗೆಳೆಯರು ಜೊತೆಗಿದ್ದರೆ ಬಲವಂತ ಮಾಡಬೇಡಿ, ಕಾರಣ ಕೇಳಬೇಡಿ. ಅವರ ಮನೆಯ ಕಥೆ ನಿಮಗೆ ಗೊತ್ತಿರುವುದಿಲ್ಲ. ಗಾಡಿ ಓಡಿಸುವುದನ್ನು ಬಾಡಿಗೆ ಡ್ರೈವರಿಗೆ ಬಿಡಿ.

ಹಾಗಾದರೆ ಹೋಗುವುದೇ ಬೇಡವೇ? ನಾನು ಹೋಗುತ್ತೇನೆ. ಕಾರಣ ಬೆಳೆಗಾರ. ಬಾಗಲಕೋಟೆ, ವಿಜಯಪುರದ ಕಡೆ ಹೆಚ್ಚಾಗಿ ಬೆಳೆಯುವುದು ಥಾಮ್ಸನ್ ಸೀಡ್‌ಲೆಸ್‌ನಂಥ ತಿನ್ನುವ ದ್ರಾಕ್ಷಿ. ರೇಟು ಬಿದ್ದರೆ ಅದನ್ನು ಶೆಡ್ಡಿನಲ್ಲಿ ಒಣಗಿಸಿ ಮಣೂಕ ಮಾಡಿ ಇಟ್ಟುಕೊಳ್ಳಬಹುದು. ಮಣೂಕ ಅಂದರೆ ಒಣದ್ರಾಕ್ಷಿ. ವೈನ್ ದ್ರಾಕ್ಷಿಗೆ ಆ ದಾರಿಯಿಲ್ಲ. ಕ್ಯಾಬರ್ನೆ, ಶಿರಾಜ್ ಹಣ್ಣು ಸಣ್ಣದು, ಸಿಪ್ಪೆ ದಪ್ಪ, ತುಂಬ ಬೀಜ. ಸಂತೆಯಲ್ಲಿ ಯಾರೂ ಕೊಳ್ಳುವುದಿಲ್ಲ. ವೈನರಿ ಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. 2010ರ ಆಸುಪಾಸಿನಲ್ಲಿ ಮಹಾರಾಷ್ಟ್ರದ ವೈನ್ ಉದ್ಯಮ ಮುಗ್ಗರಿಸಿದಾಗ ಎಷ್ಟೋ ಬೆಳೆಗಾರರು ವೈನ್ ಬಳ್ಳಿಗಳನ್ನು ಕಿತ್ತು ಹಾಕಿದರು. ಬಳ್ಳಿ ಫಲಕ್ಕೆ ಬರಲು ವರ್ಷಗಳು ಬೇಕು, ಕೀಳೋಕೆ ಒಂದು ಜೆಸಿಬಿ, ಒಂದು ದಿನ. ಸರ್ಕಾರ ಈ ಉತ್ಸವ ಮಾಡುವುದು ರೈತರ ಹೆಸರಿನಲ್ಲಿ. ಆ ಮಾತು ಎಷ್ಟು ನಿಜ ಅಂತ ತಿಳಿಯುವ ಹಕ್ಕು ಟಿಕೆಟ್ ತೆಗೆದುಕೊಂಡ ನಮಗೂ ಇದೆ.

ತಿಳಿಯುವುದು ಹೇಗೆ? ಅದಕ್ಕೇ ಕೊನೆಯ ಊರು, ಇಳಕಲ್. ಅಲ್ಲಿ ಸೀರೆ ಕೊಳ್ಳುವ ಹೆಣ್ಣುಮಕ್ಕಳನ್ನು ನೋಡಿ. ಬಣ್ಣ ಚೆಂದ ಇದೆ ಅಂತ ಯಾರೂ ಕೂಡಲೇ ದುಡ್ಡು ಎಣಿಸುವುದಿಲ್ಲ. ಸೆರಗು ಶುದ್ಧ ರೇಷ್ಮೀನೋ ಆರ್ಟ್ ಸಿಲ್ಕೋ? ಮೈ ಯಾವ ನೂಲು? ದಡಿ ಗೋಮಿಯೋ, ಚಿಕ್ಕಿ ಪರಾಸವೋ? ಸೆರಗನ್ನು ಮೈಗೆ ಕೊಂಡಿ ಹಾಕಿ ಕೂಡಿಸಿದ್ದಾರೋ ಇಲ್ಲವೋ ಅಂತ ತಿರುವಿ, ಬೆಳಕಿಗೆ ಹಿಡಿದು ನೋಡುತ್ತಾರೆ. ಕೈಮಗ್ಗದ್ದಾ, ಪವರ್‌ಲೂಮಿಂದಾ ಅಂತ ಕೇಳಿಯೇ ಕೇಳುತ್ತಾರೆ. ಇಳಕಲ್ ಅನ್ನುವ ಊರಿನ ಹೆಸರೇ ಸೀರೆಯ ಹೆಸರಾಗಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದದ್ದು ನೇಕಾರರ ಕೈಯಿಂದ, ಹಾಗೇ ಇಂಥ ಪ್ರಶ್ನೆ ಕೇಳಿದ ತಲೆಮಾರುಗಳ ಗಿರಾಕಿಗಳಿಂದ ಅಂತ ನಾನು ನಂಬಿದ್ದೇನೆ.

ವೈನನ್ನು ಊರಿನ ಹೆಸರಿನಿಂದ ಕರೆಯುವುದೂ ನಮ್ಮ ಹಳೇ ರೂಢಿ. ಅರ್ಥಶಾಸ್ತ್ರದಲ್ಲಿ ದ್ರಾಕ್ಷಿ ರಸದ ಮದ್ಯಕ್ಕೆ ಮಧು ಅಂತ ಹೆಸರು. ಅದರ ಬಗೆಗಳನ್ನು ಹೇಳುವಾಗ ಕೌಟಿಲ್ಯ ರುಚಿಯ ಹೆಸರು ಹೇಳುವುದಿಲ್ಲ, ಅದು ಬರುವ ನಾಡಿನ ಹೆಸರು ಹೇಳುತ್ತಾನೆ: ಕಾಪಿಶಾಯನ, ಹಾರಹೂರಕ. ಇವತ್ತು ನಾಸಿಕ್ ವ್ಯಾಲಿ ವೈನಿಗೂ ಭೌಗೋಳಿಕ ಸೂಚಕ ಇದೆ. ನಮ್ಮ ಕೃಷ್ಣಾ ಕಣಿವೆಯ ದ್ರಾಕ್ಷಿ ಮಾತ್ರ ಬಹಳ ಸಲ ಲೇಬಲ್ಲಿನ ಹಿಂದೆ ಹೆಸರಿಲ್ಲದೆ ನಿಂತಿರುತ್ತದೆ. ಮುಂದೆ ಒಂದು ಇಂಗ್ಲಿಷ್ ಬ್ರ್ಯಾಂಡು, ಒಂದು ಕುದುರೆಯೋ ಕೋಟೆಯೋ ಚಿತ್ರ.

ಅದಕ್ಕೇ ನನ್ನ ಪದ್ಧತಿ ಹೀಗಿದೆ. ಮೊದಲ ಸುತ್ತಿನಲ್ಲಿ ರುಚಿ ಮಾತ್ರ, ಪರ್ಸು ತೆಗೆಯುವುದಿಲ್ಲ. ಹತ್ತು ಸ್ಟಾಲಿಗೆ ಹೋಗುವುದಿಲ್ಲ, ನಾಲ್ಕೈದು ಸಾಕು. ಆಮೇಲೆ ಅರ್ಧ ಗಂಟೆ ಹೊರಗೆ ಬಂದು ರೊಟ್ಟಿ, ಎಣ್ಣೆಗಾಯಿ ಸಿಕ್ಕರೆ ರೊಟ್ಟಿ, ಇಲ್ಲದಿದ್ದರೆ ಸಿಕ್ಕಿದ್ದು ತಿನ್ನುವುದು. ಬ್ಯಾಗಿನಲ್ಲಿ ಅಮೀನಗಡದ ಕರದಂಟು ಒಂದು ತುಂಡು ಇಟ್ಟುಕೊಂಡಿರುತ್ತೇನೆ. ಸಿಹಿ ವೈನಿನ ಜೊತೆ ಅಂಟು, ಬೆಲ್ಲ, ಒಣಕೊಬ್ಬರಿ ಹೇಗೆ ಹೊಂದುತ್ತವೆ ಅಂತ ಒಮ್ಮೆ ನೋಡಿ, ಚೀಸ್ ಪ್ಲೇಟು ಮರೆತುಬಿಡ್ತೀರಿ. ಎರಡನೇ ಸುತ್ತಿನಲ್ಲಿ, ಇಷ್ಟವಾದ ಎರಡೇ ಸ್ಟಾಲಿಗೆ ಹೋಗಿ, ಸೀರೆ ಅಂಗಡಿಯ ಹೆಣ್ಣುಮಕ್ಕಳ ಹಾಗೆ ಕೇಳುತ್ತೇನೆ. ದ್ರಾಕ್ಷಿ ಯಾವ ತಳಿ, ಯಾವ ಊರಿನ ತೋಟದ್ದು? ನಿಮ್ಮದೇ ತೋಟವೋ, ಬೆಳೆಗಾರರಿಂದ ಕೊಂಡದ್ದೋ? ಕೊಂಡದ್ದಾದರೆ ಕಿಲೋಗೆ ಏನು ಕೊಟ್ಟಿರಿ, ಮುಂದಿನ ವರ್ಷಕ್ಕೂ ಒಪ್ಪಂದ ಇದೆಯಾ?

ಮೊದಲ ಪ್ರಶ್ನೆಗೆ ಎಲ್ಲರೂ ಉತ್ತರ ಕೊಡುತ್ತಾರೆ. ಎರಡನೆಯದಕ್ಕೆ ಅರ್ಧ ಜನ. ಮೂರನೆಯದಕ್ಕೆ ಒಬ್ಬರೋ ಇಬ್ಬರೋ, ಕೆಲವರಂತೂ ನಾನು ಇನ್‌ಕಮ್ ಟ್ಯಾಕ್ಸಿನವನೇನೋ ಅನ್ನುವ ಹಾಗೆ ನೋಡುತ್ತಾರೆ. ಆದರೆ ಉತ್ತರ ಕೊಟ್ಟವರ ಬಾಟಲಿಯನ್ನೇ ನಾನು ಮನೆಗೆ ತರುವುದು. ಒಬ್ಬ ಕೇಳಿದರೆ ಅದು ತಲೆಹರಟೆ. ಒಂದು ಸಂಜೆ ಇನ್ನೂರು ಜನ ಅದೇ ಕೇಳಿದರೆ ಮುಂದಿನ ವರ್ಷ ಲೇಬಲ್ಲಿನ ಮೇಲೆ ಬಾದಾಮಿಯೋ, ಹುನಗುಂದವೋ, ಒಂದು ಊರಿನ ಹೆಸರು ಬಂದರೂ ಬರಬಹುದು.